ಕಲ್ಯಾಣದ ಒಡೆದ ಹಾಲು, ಫ್ರಾನ್ಸಿನ ನೆಲಮಾಳಿಗೆ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಂಚಿನ ತಾಂಡಾಗಳಲ್ಲಾಗಲಿ, ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಾಗಲಿ ಹಾಲು ಉಳಿದರೆ ಹೆಪ್ಪು ಹಾಕುತ್ತಾರೆ. ಮೊಸರು ಕಡೆದು ಬೆಣ್ಣೆ ತೆಗೆದು ತುಪ್ಪ ಕಾಯಿಸುತ್ತಾರೆ. ಹಾಲು ಒಡೆದರೆ ಅದು ಕೆಟ್ಟಂತೆ. ಫ್ರಾನ್ಸಿನ ಹಳ್ಳಿಗರು ಹಾಲನ್ನು ಬೇಕೆಂದೇ ಗಟ್ಟಿಯಾಗಿಸಿ, ತಿಂಗಳುಗಟ್ಟಲೆ ಮಾಗಿಸಿ ಚೀಸ್ ಮಾಡುತ್ತಾರೆ. ಆಯಾ ಸೀಮೆಯ ವೈನ್ ಜೊತೆ ತಿನ್ನುತ್ತಾರೆ. ಈ ವ್ಯತ್ಯಾಸ ಬರೀ ನಾಲಗೆಯ ಅಭ್ಯಾಸವೇ?

ಭಾರತದಲ್ಲಿ ಹಾಲು ಒಡೆಸುವುದು ನಿಷಿದ್ಧವಾಗಿತ್ತು, ಪೋರ್ಚುಗೀಸರು ಬಂಗಾಳಕ್ಕೆ ಬಂದ ಮೇಲೆ ಅದು ರೂಢಿಯಾಯಿತು ಎಂಬ ವಾದ ಆಹಾರದ ಇತಿಹಾಸ ಬರೆದವರಲ್ಲಿ ಪ್ರಚಲಿತವಾಗಿದೆ. ಅದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಚಿಂಚೋಳಿಯ ವಾಯವ್ಯಕ್ಕಿರುವ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಸುಮಾರು 1126-1138) 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ಅನ್ನಭೋಗದ ಭಾಗದಲ್ಲಿ 'ಕ್ಷೀರಪ್ರಕಾರ' ಎಂಬ ಭಕ್ಷ್ಯವಿದೆ. ಕಾಯಿಸಿದ ಹಾಲಿಗೆ ಹುಳಿ ಮಜ್ಜಿಗೆ ಬೆರೆಸಿ ಒಡೆಸುವುದು, ಬಟ್ಟೆಯಲ್ಲಿ ಸೋಸುವುದು, ಅಕ್ಕಿಹಿಟ್ಟಿನೊಡನೆ ನಾದಿ ತುಪ್ಪದಲ್ಲಿ ಕರಿಯುವುದು - ಇದು ಅದರ ವಿಧಾನ. ಪೋರ್ಚುಗೀಸರು ಕಲ್ಲಿಕೋಟೆ ತಲುಪಿದ 1498ಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನ ಮಾತಿದು. ಅದೇ ಗ್ರಂಥದ ಕ್ರೀಡಾವಿಂಶತಿಯಲ್ಲಿ 'ಮದಿರಾಪಾನ ಕ್ರೀಡೆ'ಗೂ ಒಂದು ಅಧ್ಯಾಯವಿದೆ. ಅಂದರೆ ಕಲ್ಯಾಣದ ಅರಮನೆಗೆ ಒಡೆದ ಹಾಲೂ ಗೊತ್ತಿತ್ತು, ಮದ್ಯವೂ ಗೊತ್ತಿತ್ತು.

ಹಾಗೆಂದು ಕ್ಷೀರಪ್ರಕಾರವನ್ನೇ ಚೀಸ್ ಎಂದು ಹಿಗ್ಗುವುದು ತರವಲ್ಲ. ಹಾಲಿನ ಪಿಎಚ್ 4.6ರ ಸಮೀಪಕ್ಕೆ ಇಳಿದಾಗ ಕೇಸೀನ್ ಪ್ರೋಟೀನು ಕರಗಿ ನಿಲ್ಲಲಾರದು. ಬಿಸಿ ಹಾಲಿಗಾದರೆ ಇನ್ನೂ ಕಡಿಮೆ ಹುಳಿ ಸಾಕು. ಇದು ಆಮ್ಲದ ದಾರಿ, ಪನೀರಿನದೂ ಇದೇ. ಫ್ರಾನ್ಸಿನ ಬಹುತೇಕ ಚೀಸ್‌ಗಳದು ಕಿಣ್ವದ ದಾರಿ. ಕರುವಿನ ಹೊಟ್ಟೆಯಿಂದ ತೆಗೆದ ಕೈಮೋಸಿನ್, ಕೇಸೀನ್ ಕಣಗಳನ್ನು ಕಾಯುವ ಹೊರಪದರವನ್ನು ಕತ್ತರಿಸುತ್ತದೆ. ಕ್ಯಾಲ್ಸಿಯಂ ಉಳಿದು ಗಟ್ಟಿ ಹೆಪ್ಪು ಕಟ್ಟುತ್ತದೆ. ಕರು ಕೊಂದು ಕಿಣ್ವ ತೆಗೆಯುವ ಮಾತು ಇಲ್ಲಿ ಒಪ್ಪಿತವಾಗುವಂತಿರಲಿಲ್ಲ. (ನಿಘಂಟುಗಳು ಚೀಸ್‌ಗೆ 'ಗಿಣ್ಣು' ಎಂದು ಅರ್ಥ ಕೊಡುವುದು ಸರಿಯಲ್ಲ. ಈದ ಹಸುವಿನ ಮೊದಲ ಹಾಲಿನಲ್ಲಿ ಪ್ರತಿಕಾಯದ ಪ್ರೋಟೀನುಗಳು ಹೇರಳ. ಗಿಣ್ಣು ಹುಳಿಯೂ ಕಿಣ್ವವೂ ಇಲ್ಲದೆ ಬರೀ ಶಾಖಕ್ಕೆ ಗಟ್ಟಿಯಾಗುತ್ತದೆ.)

ಇನ್ನು ಮಾಗಿಸುವುದು. ರೊಕ್‌ಫೋರ್ ಊರಿನ ಸುಣ್ಣಕಲ್ಲಿನ ಗುಹೆಗಳಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪು, ತೇವವೂ ಸಾಕಷ್ಟು. ಅಲ್ಲಿ ಪೆನಿಸಿಲಿಯಂ ಬೂಷ್ಟು ಕುರಿ ಹಾಲಿನ ಚೀಸನ್ನು ನಿಧಾನವಾಗಿ ಮಾಗಿಸುತ್ತದೆ. ವೈನೂ ಅಂಥದೇ ತಂಪಿನಲ್ಲಿ ಹದವಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಒಡೆದ ಹಾಲು ಮರುದಿನಕ್ಕೆ ನಾರುತ್ತದೆ. ಈಚಲು ಮರದ ರಸದ್ದೂ ಇದೇ ಕಥೆ. ಯೀಸ್ಟ್ ಒಂದು ದಿನದೊಳಗೆ ಅದನ್ನು ಸುಮಾರು ಶೇ. 4-5 ಆಲ್ಕೊಹಾಲಿರುವ ಸೇಂದಿಯಾಗಿಸುತ್ತದೆ. ಆಮೇಲೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿ ವಿನೆಗರ್ ಆಗುತ್ತದೆ. ನಮ್ಮಲ್ಲಿ ಕೆಡದೆ ಉಳಿಯುವುದು ನೀರಿನಂಶ ತೆಗೆದ ತುಪ್ಪ. ಚೀಸ್-ವೈನ್ ಜೋಡಿ ಇಲ್ಲಿ ಹುಟ್ಟದಿರಲು ನಾನು ಮೊದಲು ದೂರುವುದು ಶಾಖವನ್ನು, ಶಾಸ್ತ್ರವನ್ನಲ್ಲ.

ಫ್ರೆಂಚ್ ಜೋಡಿಗಳಲ್ಲಿ ಅತ್ಯಂತ ಕುತೂಹಲದ್ದು ಜುರಾ ಬೆಟ್ಟಸೀಮೆಯದು. ಲೂಯಿ ಪಾಸ್ಚರ್ ಬೆಳೆದ ಆರ್ಬುವಾ ಪಟ್ಟಣ ಅಲ್ಲಿಯದೇ. 1860ರ ದಶಕದಲ್ಲಿ ವೈನ್ ಕೆಡುವ ಬಗೆಯನ್ನು ಆತ ಅಲ್ಲಿ ಅಭ್ಯಸಿಸಿದ. ಅಲ್ಲಿನ 'ವಾಂ ಜೋನ್' ಎಂಬ ಹಳದಿ ವೈನ್ ಯೀಸ್ಟಿನ ತೆಳುಪದರದಡಿ ಆರು ವರ್ಷಕ್ಕೂ ಹೆಚ್ಚು ಕಾಲ ಮಾಗುತ್ತದೆ. ಅದರ ವಿಶಿಷ್ಟ ವಾಸನೆಗೆ ಕಾರಣ ಸೊಟೊಲಾನ್. ನಮ್ಮ ಮೆಂತ್ಯದ ಕಾಳಿಗೆ ವಾಸನೆ ಕೊಡುವ ರಾಸಾಯನಿಕವೂ ಅದೇ! ಅದರ ಜೊತೆಗಾರ, ಅದೇ ಸೀಮೆಯ ಹಸುವಿನ ಹಾಲಿನ ಕೊಂತೆ ಚೀಸ್. ಆದರೆ 'ಒಂದೇ ಸೀಮೆ' ಎಂಬ ನಿಯಮವನ್ನು ಕಟ್ಟುನಿಟ್ಟೆಂದು ತಿಳಿಯಬೇಡಿ. ಉಪ್ಪುಪ್ಪಾದ ರೊಕ್‌ಫೋರ್‌ಗೆ ಪ್ರಸಿದ್ಧ ಜೋಡಿ ದೂರದ ಬೋರ್ಡೋ ಪ್ರದೇಶದ ಸಿಹಿಯಾದ ಸೊತೆರ್ನ್. ದ್ರಾಕ್ಷಿ ಅಷ್ಟಾಗಿ ಬೆಳೆಯದ ತಂಪು ನಾರ್ಮಂಡಿಯಲ್ಲಿ ಕಮಾಂಬೇರ್ ಚೀಸ್‌ಗೆ ಸೇಬಿನ ಸೈಡರ್ ಜೊತೆ.

ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಬಾಯಿ ಒಣಗಿಸುತ್ತವೆ. ಚೀಸ್ ಇದ್ದರೆ ಅದರ ಕೇಸೀನ್ ಟ್ಯಾನಿನ್‌ಗೆ ಅಂಟಿಕೊಳ್ಳುತ್ತದೆ, ಕೊಬ್ಬು ನಾಲಗೆಗೆ ಲೇಪವಾಗುತ್ತದೆ, ಒಗರು ತಗ್ಗುತ್ತದೆ. ಇದನ್ನು ತೋರಿಸಲು ತರಗತಿಗೆ ವೈನ್ ಬೇಕಿಲ್ಲ. ಹಾಲು ಸಕ್ಕರೆ ಹಾಕದ ಗಟ್ಟಿ ಚಹಾ ಮಾಡಿ, ಆರಿದ ಮೇಲೆ ಒಂದು ಗುಟುಕು ಕುಡಿಸಿ. ಬಾಯಿ ತೊಳೆದು, ಪನೀರಿನ ಚೂರು ಅಗಿಯುತ್ತ ಇನ್ನೊಂದು ಗುಟುಕು. ಎರಡರ ಒಗರನ್ನು ವಿದ್ಯಾರ್ಥಿಗಳು 1ರಿಂದ 10ರ ಅಂಕದಲ್ಲಿ ಬರೆದಿಡಲಿ. ಅರ್ಧ ತರಗತಿ ಈ ಕ್ರಮವನ್ನು ತಿರುಗಿಸಿ ಮಾಡಬೇಕು. ಇಲ್ಲವಾದರೆ ಎರಡನೆಯ ಗುಟುಕಿನ ಅಂಕ ನಂಬುವಂತಿರುವುದಿಲ್ಲ.