ಹನ್ನೆರಡು ವರ್ಷದ ಗಡುವು

ಬೇರೆಯವರ ಜಾಗದಲ್ಲಿ ಹನ್ನೆರಡು ವರ್ಷ ಕೂತರೆ ಜಾಗ ನಮ್ಮದೇ ಎಂಬ ಮಾತು ಊರ ಕಟ್ಟೆಗಳ ಮೇಲೆ ಇನ್ನೂ ಓಡಾಡುತ್ತದೆ. ಆದರೆ ಈ ಲೆಕ್ಕ ಹುಟ್ಟಿದ್ದು ಒತ್ತುವರಿದಾರನಿಗೆ ಇನಾಮು ಕೊಡಲು ಅಲ್ಲ, ಮಾಲೀಕನಿಗೆ ಗಡುವು ಹಾಕಲು. 1859ರ ಕಾಲಮಿತಿ ಕಾಯ್ದೆ ಸ್ಥಿರಾಸ್ತಿಯ ದಾವೆಗೆ 12 ವರ್ಷ ನಿಗದಿ ಮಾಡಿತು. 1963ರ ಕಾಯ್ದೆ ಅದನ್ನೇ ಉಳಿಸಿಕೊಂಡು, ಸರ್ಕಾರಕ್ಕಿದ್ದ 60 ವರ್ಷವನ್ನು 30ಕ್ಕೆ ಇಳಿಸಿತು. ಬರೀ ಕೂತಿದ್ದರೆ ಸಾಲದು. ಸ್ವಾಧೀನ ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿರಬೇಕು. ಒಪ್ಪಿಗೆ ಪಡೆದು ಬಂದ ಬಾಡಿಗೆದಾರ ಎಷ್ಟು ವರ್ಷವಿದ್ದರೂ ಬಾಡಿಗೆದಾರನೇ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನೆಂದು ಹೆಸರು ಬಂದ ಮಾತ್ರಕ್ಕೆ 9ನೇ ಕಾಲಂನ ಒಡೆತನ ಕದಲುವುದಿಲ್ಲ.

ಆದರೂ ಇದು ಕಳ್ಳನ ಕೈಗೇ ಕೀಲಿ ಕೊಟ್ಟಂತಲ್ಲವೇ? 2008ರಲ್ಲಿ ಹೇಮಾಜಿ ವಾಘಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ನಿಯಮವನ್ನು ತರ್ಕಹೀನವೆಂದು ಟೀಕಿಸಿ, ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಹೇಳಿತ್ತು. 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡವೆಂದಿತು. ನನಗೆ ಆಯೋಗದ ಮಾತೇ ಸರಿ ಕಾಣುತ್ತದೆ: ಗಡುವಿಲ್ಲದಿದ್ದರೆ ಮುತ್ತಜ್ಜನ ಕಾಲದ ಪತ್ರ ಹಿಡಿದು ಯಾರು ಬೇಕಾದರೂ ಬಾಗಿಲು ತಟ್ಟಿಯಾರು. ಹಾಗಾದರೆ ಈಗಲೇ ಆಳು ಕಟ್ಟಿಕೊಂಡು ಹೋಗಿ ಎಬ್ಬಿಸಿಬಿಡೋಣ ಎನ್ನುವವರಿಗೂ 1859ರಲ್ಲೇ ಲಗಾಮು ಬಿದ್ದಿತ್ತು. ಇಂದು ಅದು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ: ಕಾನೂನು ಬಿಟ್ಟು ಹೊರದಬ್ಬಿದರೆ, ದಬ್ಬಿದವನು ಮಾಲೀಕನೇ ಆದರೂ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮಾಲೀಕನಿಗಿರುವ ದಾರಿ ಉದ್ದದ್ದು, ಬೇಸರದ್ದು: ವಕೀಲರ ನೋಟಿಸು, ಸಿವಿಲ್ ದಾವೆ, ಡಿಕ್ರಿ, ಆಮೇಲೆ ಜಾರಿ ಅರ್ಜಿ. ಬೀಗ ಒಡೆಯುವ ಸಂದರ್ಭ ಬಂದರೂ ಮುಂದೆ ನಿಲ್ಲುವವನು ಕೋರ್ಟಿನ ಅಮೀನ.