ಅರರಾತ್ ಪರ್ವತದ ನೆರಳಿನ ಆರ್ಮೇನಿಯ



ಜಲಪ್ರಳಯ ಇಳಿದಾಗ ನೋಹನ ನಾವೆ ಅರರಾತ್ ಬೆಟ್ಟಗಳ ಮೇಲೆ ನಿಂತಿತೆಂದು ಆದಿಕಾಂಡದಲ್ಲಿ ಓದುತ್ತೇವೆ. ಆ ಹೆಸರಿನ 5,137 ಮೀಟರ್ ಎತ್ತರದ ಹಿಮಪರ್ವತ ಆರ್ಮೇನಿಯದ ರಾಜಧಾನಿ ಯೆರೆವಾನ್ ನಗರಕ್ಕೆ ಎದುರಾಗಿಯೇ ಕಾಣುತ್ತದೆ. ದೇಶದ ಲಾಂಛನದಲ್ಲೂ ಅದೇ ಪರ್ವತ, ಅದರ ತುದಿಯಲ್ಲಿ ನಾವೆ. ಆದರೆ ಪರ್ವತ ಇಂದು ಗಡಿಯಾಚೆ, ಟರ್ಕಿಯಲ್ಲಿದೆ.

ಆರ್ಮೇನಿಯ ಸಮುದ್ರವಿಲ್ಲದ ಬೆಟ್ಟಗಳ ನಾಡು. ವಿಸ್ತೀರ್ಣ 30,000 ಚದರ ಕಿಲೋಮೀಟರಿಗೂ ಕಡಿಮೆ, ಜನಸಂಖ್ಯೆ ಸುಮಾರು 30 ಲಕ್ಷ. ಒಳಗಿರುವವರಿಗಿಂತ ಹೊರದೇಶಗಳಲ್ಲಿ ಚದುರಿರುವ ಆರ್ಮೇನಿಯನ್ನರೇ ಹೆಚ್ಚು.

ದೊರೆ ಮೂರನೇ ತಿರಿದಾತನು ಸಂತ ಗ್ರೆಗೋರಿಯವರನ್ನು ಹದಿಮೂರು ವರ್ಷ ಆಳವಾದ ಗುಂಡಿಯಲ್ಲಿ ಸೆರೆಯಿಟ್ಟಿದ್ದನೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಖೋರ್ ವಿರಾಪ್ ಮಠದಲ್ಲಿರುವ ಆ ಗುಂಡಿಗೆ ಯಾತ್ರಿಕರು ಇಂದಿಗೂ ಏಣಿಯಲ್ಲಿ ಇಳಿಯುತ್ತಾರೆ. ಕೊನೆಗೆ ಅದೇ ದೊರೆ ಗ್ರೆಗೋರಿಯವರಿಂದಲೇ ದೀಕ್ಷಾಸ್ನಾನ ಪಡೆದ. ಪರಂಪರೆಯಂತೆ 301ರಲ್ಲಿ ಆರ್ಮೇನಿಯ ಕ್ರೈಸ್ತಧರ್ಮವನ್ನು ರಾಜ್ಯಧರ್ಮವಾಗಿ ಸ್ವೀಕರಿಸಿದ ಮೊದಲ ದೇಶವಾಯಿತು.

ಆದರೂ ಆರಾಧನೆ ಗ್ರೀಕ್ ಮತ್ತು ಸಿರಿಯಾಕ್ ಭಾಷೆಗಳಲ್ಲೇ ನಡೆಯುತ್ತಿತ್ತು, ಜನಸಾಮಾನ್ಯರಿಗೆ ಅರ್ಥವಾಗುತ್ತಿರಲಿಲ್ಲ. ಸಂತ ಮೆಸ್ರೋಪ್ ಮಾಶ್ತೋತ್ಸ್ 405ರ ಸುಮಾರಿಗೆ 36 ಅಕ್ಷರಗಳ ಲಿಪಿ ರಚಿಸಿದರು. ಆ ಲಿಪಿಯಲ್ಲಿ ಬೈಬಲ್ ಅನುವಾದ ಜ್ಞಾನೋಕ್ತಿಗಳ ಗ್ರಂಥದಿಂದ ಆರಂಭವಾಯಿತು. 428ರಲ್ಲಿ ರಾಜಮನೆತನ ಅಳಿಯಿತು. ಅಷ್ಟರೊಳಗೆ ಜನರ ಕೈಯಲ್ಲಿ ಅವರದೇ ಅಕ್ಷರಗಳಿದ್ದವು. ಮುಂದೆ ಪರ್ಷಿಯನ್ನರು, ಅರಬರು, ತುರ್ಕರು ಒಬ್ಬರಾದ ಮೇಲೊಬ್ಬರು ಆಳಿದರೂ ಭಾಷೆ ಮತ್ತು ವಿಶ್ವಾಸ ಉಳಿದವು.

1915ರಲ್ಲಿ ಒಟ್ಟೋಮನ್ ಆಡಳಿತದಲ್ಲಿ ನರಮೇಧ ಆರಂಭವಾಗಿ ಲಕ್ಷಾಂತರ ಆರ್ಮೇನಿಯನ್ನರು ಸತ್ತರು. ಮೂಶ್ ಪ್ರದೇಶದ ಒಂದು ಮಠ ಹಾಳಾದಾಗ ಅಲ್ಲಿ ಪ್ರಬೋಧನೆಗಳ ಪ್ರಾಚೀನ ಹಸ್ತಪ್ರತಿಯೊಂದು ಇಬ್ಬರು ಹೆಂಗಸರ ಕಣ್ಣಿಗೆ ಬಿತ್ತಂತೆ. ಚರ್ಮದ ಹಾಳೆಗಳ ಆ ಗ್ರಂಥದ ತೂಕ ಸುಮಾರು 28 ಕಿಲೋ. ಹೊರಲಾರದೆ ಅದನ್ನು ಎರಡು ಭಾಗ ಮಾಡಿ ಹೊತ್ತು ಓಡಿದರು. ಒಂದು ಭಾಗ ಎಚ್ಮಿಯಾದ್ಜಿನ್ ಸೇರಿತು. ಇನ್ನೊಂದನ್ನು ದಾರಿಯಲ್ಲಿ ಹೂಳಲಾಯಿತು. ಮುಂದೆ ಅದೂ ಸಿಕ್ಕಿತು. ಇಂದು ಗ್ರಂಥ ಯೆರೆವಾನಿನ ಮಾತೆನದರಾನ್ ಹಸ್ತಪ್ರತಿ ಭಂಡಾರದಲ್ಲಿದೆ.

1920ರಿಂದ ಸೋವಿಯತ್ ಆಳ್ವಿಕೆ, ದೇವಾಲಯಗಳು ಮುಚ್ಚಿದವು. 1988ರ ಭೂಕಂಪದಲ್ಲಿ ಸುಮಾರು 25,000 ಜನ ಮಡಿದರು. 1991ರಲ್ಲಿ ಸ್ವಾತಂತ್ರ್ಯ ಬಂತು. ಸಂಕಟ ಮಾತ್ರ ಮುಗಿಯಲಿಲ್ಲ: 2023ರಲ್ಲಿ ನಗೋರ್ನೊ-ಕರಬಾಖ್ ಪ್ರದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಮನೆಬಿಟ್ಟು ಬಂದರು.

ಅಲ್ಲಿನ ಬಹುಪಾಲು ಜನ ರೋಮಿನೊಡನೆ ಪೂರ್ಣ ಐಕ್ಯದಲ್ಲಿಲ್ಲದ ಆರ್ಮೇನಿಯನ್ ಪ್ರೇಷಿತ ಧರ್ಮಸಭೆಯವರು. ಆದರೂ 2001ರಲ್ಲಿ, ಅವರ ವಿಶ್ವಾಸದ 1700ನೇ ವರ್ಷದಲ್ಲಿ, ಜಗದ್ಗುರು ಎರಡನೇ ಜಾನ್ ಪಾಲ್ ಅಲ್ಲಿಗೆ ಹೋದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ನಾರೆಕಿನ ಸಂತ ಗ್ರೆಗೋರಿಯವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಈ ಜನ ನಮಗೆ ಅಪರಿಚಿತರಲ್ಲ. ಚೆನ್ನೈನ ಸಂತ ತೋಮರ ಬೆಟ್ಟದಲ್ಲಿ ನಮ್ಮ ಯಾತ್ರಿಕರು ಹತ್ತುವ ಮೆಟ್ಟಿಲುಗಳನ್ನು 18ನೇ ಶತಮಾನದಲ್ಲಿ ಕಟ್ಟಿಸಿದ್ದು ಆರ್ಮೇನಿಯನ್ ವರ್ತಕ ಪೇತ್ರುಸ್ ಉಸ್ಕಾನ್. ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಹೊರಬಂದದ್ದೂ ಅದೇ ಊರಿನಲ್ಲಿ; ಹೊರತಂದವರು ಗುರು ಹರುತ್ಯುನ್ ಶ್ಮಾವೊನ್ಯನ್.

ಜೀವ ಉಳಿಸಿಕೊಳ್ಳಲು ಓಡುವಾಗ ಆ ಇಬ್ಬರು ಹೆಂಗಸರು ಹೊತ್ತದ್ದು ಒಂದು ಗ್ರಂಥವನ್ನು. ನಮ್ಮ ಮನೆಬಿಟ್ಟು ಓಡಬೇಕಾಗಿ ಬಂದರೆ ನಾವು ಹೊತ್ತುಕೊಳ್ಳುವುದು ಏನನ್ನು? ಇಂದು ಸಂಜೆ ಜಪಕ್ಕೆ ಕುಳಿತಾಗ ಮಕ್ಕಳೊಡನೆ ಈ ಮಾತನಾಡೋಣ.