ಬೆಳ್ಳಿ ಡಾಲರುಗಳ ದರ್ಜೆ ನಿರ್ಣಯ

ಅಮೆರಿಕದ ಹಳೆಯ ಬೆಳ್ಳಿ ಡಾಲರ್ ನಾಣ್ಯ ಎಷ್ಟು ಸವೆದಿದೆ, ಮೈಮೇಲೆ ಎಷ್ಟು ಪೆಟ್ಟು ಗೀರುಗಳಿವೆ, ಅಚ್ಚು ಎಷ್ಟು ಸ್ಫುಟವಾಗಿ ಮೂಡಿದೆ, ಟಂಕಸಾಲೆಯಿಂದ ಬಂದಾಗಿನ ಹೊಳಪು ಎಷ್ಟು ಉಳಿದಿದೆ ಎಂಬುದನ್ನೆಲ್ಲ ಪರೀಕ್ಷಿಸಿ ಅದರ ಸ್ಥಾನ ಗೊತ್ತುಮಾಡುವ ಪದ್ಧತಿ. ಸಂಗ್ರಾಹಕರ ಬಾಯಲ್ಲಿ ಇದು ಗ್ರೇಡಿಂಗ್. ಇಂದು ಈ ಸ್ಥಾನವನ್ನು 1ರಿಂದ 70ರವರೆಗಿನ ಅಂಕಿಯಲ್ಲಿ ಹೇಳುವುದು ರೂಢಿ. ಅಂಕಿ ನೋಡಿದವರಿಗೆ ಇದೊಂದು ಅಳತೆ ಎನ್ನಿಸುವುದು ಸಹಜ. ವಾಸ್ತವದಲ್ಲಿ ಇದು ನುರಿತ ಕಣ್ಣುಗಳು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆ. ಆ ಒಡಂಬಡಿಕೆ ಹುಟ್ಟಿದ್ದು ಬೆಲೆಯ ಲೆಕ್ಕದಿಂದ, ಬದಲಾಗುತ್ತ ಬಂದದ್ದೂ ಬೆಲೆಯ ಒತ್ತಡದಿಂದಲೇ.

ಈ ಕತೆಯ ಮುಖ್ಯ ಪಾತ್ರ ಮಾರ್ಗನ್ ಡಾಲರ್. ಇಂಗ್ಲೆಂಡಿನಿಂದ ಬಂದ ಅಚ್ಚುಗಾರ ಜಾರ್ಜ್ ಟಿ. ಮಾರ್ಗನ್ ರೂಪಿಸಿದ ಈ ನಾಣ್ಯವನ್ನು 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಲಾಯಿತು. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರರಲ್ಲಿ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಮುಂಬದಿಯಲ್ಲಿ ಸ್ವಾತಂತ್ರ್ಯದೇವಿಯ ತಲೆ, ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್, ಸ್ಯಾನ್ ಫ್ರಾನ್ಸಿಸ್ಕೊ, ನೆವಾಡದ ಕಾರ್ಸನ್ ಸಿಟಿ, ಕೊನೆಯ ವರ್ಷ ಡೆನ್ವರ್ ಹೀಗೆ ಐದು ಟಂಕಸಾಲೆಗಳಲ್ಲಿ ಇದು ತಯಾರಾಯಿತು. ಇದರ ನಂತರ ಬಂದದ್ದು ಆಂಟನಿ ಡಿ ಫ್ರಾನ್ಸಿಶಿ ರೂಪಿಸಿದ ಪೀಸ್ ಡಾಲರ್ (1921–28, 1934–35).

ಮಾರ್ಗನ್ ಡಾಲರನ್ನು ಜನ ಕೇಳಿ ಮಾಡಿಸಿಕೊಂಡದ್ದಲ್ಲ. ನೆವಾಡದ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ಸಿಕ್ಕು ಬೆಲೆ ಕುಸಿಯುತ್ತಿದ್ದ ಕಾಲ ಅದು. ಅಧ್ಯಕ್ಷ ಹೇಯ್ಸ್ ತಡೆದರೂ ಕಾಂಗ್ರೆಸ್ ಅದನ್ನು ಮೀರಿ 1878ರ ಫೆಬ್ರವರಿ 28ರಂದು ಬ್ಲಾಂಡ್–ಆಲಿಸನ್ ಕಾಯಿದೆಯನ್ನು ಅಂಗೀಕರಿಸಿತು. ಸರ್ಕಾರ ಪ್ರತಿ ತಿಂಗಳೂ 20 ಲಕ್ಷದಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ನಾಣ್ಯವಾಗಿಸಲೇಬೇಕಾಯಿತು. ಜೇಬಿಗೆ ಭಾರವಾದ ಈ ನಾಣ್ಯಕ್ಕಿಂತ ಬೆಳ್ಳಿ ಪತ್ರ ಎಂಬ ಕಾಗದದ ಹಣವೇ ಹೆಚ್ಚಿನವರಿಗೆ ಹಿಡಿಸಿತು. ಪತ್ರಗಳು ಕೈಯಿಂದ ಕೈಗೆ ಓಡಾಡಿದವು, ಅವುಗಳಿಗೆ ಆಧಾರವಾದ ನಾಣ್ಯಗಳು ಸಾವಿರದ ಲೆಕ್ಕದಲ್ಲಿ ಬಟ್ಟೆ ಚೀಲ ಸೇರಿ ಖಜಾನೆಯ ನೆಲಮಾಳಿಗೆಯಲ್ಲಿ ಬಿದ್ದುಕೊಂಡವು. ಒಂದೊಂದು ಚೀಲ ಸುಮಾರು 27 ಕಿಲೊ. ಎತ್ತುವಾಗ, ಎಸೆಯುವಾಗ, ಬಂಡಿಯಲ್ಲಿ ಸಾಗಿಸುವಾಗ ಒಂದರ ಅಂಚಿನ ಹಲ್ಲು ಇನ್ನೊಂದರ ಕೆನ್ನೆಗೆ ತಾಗಿ ತಚ್ಚು ಬಿದ್ದವು. ಹೀಗೆ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು: ಯಾರ ಕೈಯಲ್ಲೂ ಚಲಾವಣೆಯಾಗದ, ಎಳ್ಳಷ್ಟೂ ಸವೆಯದ, ಆದರೂ ಗಾಯಗೊಂಡ ಕೋಟ್ಯಂತರ ನಾಣ್ಯಗಳು. ದರ್ಜೆ ನಿರ್ಣಯದ ಮುಂದಿನ ಜಗಳಗಳಲ್ಲಿ ಬಹುಪಾಲಿನ ಬೇರು ಇಲ್ಲಿದೆ.

ಎಷ್ಟು ನಾಣ್ಯ ಉಳಿದವು ಎಂಬುದರಲ್ಲಿ ಭಾರತದ ಪಾತ್ರವೂ ಇದೆ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇಲ್ಲಿನ ಜನ ಕಾಗದದ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ಸರ್ಕಾರದ ಬೆಳ್ಳಿಯ ದಾಸ್ತಾನು ಬರಿದಾಗುತ್ತ ಬಂತು. ಬ್ರಿಟನ್ ಅಮೆರಿಕದ ನೆರವು ಬೇಡಿತು. 1918ರ ಏಪ್ರಿಲ್‌ನ ಪಿಟ್‌ಮನ್ ಕಾಯಿದೆಯ ಪ್ರಕಾರ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಲಾಯಿತು. ಅಲ್ಲಿಯವರೆಗೆ ಟಂಕಿಸಿದ್ದರಲ್ಲಿ ಇದು ಅರ್ಧಕ್ಕೆ ಹತ್ತಿರ. ಆ ಬೆಳ್ಳಿಯ ಹೆಚ್ಚಿನ ಪಾಲು ಔನ್ಸಿಗೆ ಒಂದು ಡಾಲರಿನಂತೆ ಮಾರಾಟವಾಗಿ ಭಾರತಕ್ಕೆ ಬಂತು, ಮುಂಬಯಿ ಮತ್ತು ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೇ ಜಾರ್ಜನ ಮುಖ ಹೊತ್ತಿತು. ನಮ್ಮ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಉಳಿದಿರುವ ಆ ಕಾಲದ ರೂಪಾಯಿಗಳಲ್ಲಿ ನೆವಾಡದ ಬೆಳ್ಳಿ ಇದ್ದರೆ ಅಚ್ಚರಿಯಿಲ್ಲ. ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯ ಎಷ್ಟು ಕರಗಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ. ಹೀಗಾಗಿ ಎಷ್ಟು ಟಂಕಿಸಿದರು ಎಂಬ ಸರ್ಕಾರಿ ಅಂಕಿಯನ್ನು ನಂಬಿ ಅಪರೂಪತೆ ಹೇಳುವಂತಿಲ್ಲ. ಏನು ಉಳಿದಿದೆ, ಯಾವ ಸ್ಥಿತಿಯಲ್ಲಿ ಉಳಿದಿದೆ ಎಂಬುದೇ ಪ್ರಮಾಣ.

ಹತ್ತೊಂಬತ್ತನೆಯ ಶತಮಾನದ ಸಂಗ್ರಾಹಕರಿಗೆ ಇಷ್ಟೆಲ್ಲ ತಲೆನೋವು ಇರಲಿಲ್ಲ. ‘ಚೆನ್ನಾಗಿದೆ’, ‘ಉತ್ತಮ’, ‘ಚಲಾವಣೆಯಾಗಿಲ್ಲ’ ಎಂಬಂಥ ಕೆಲವೇ ಮಾತುಗಳಲ್ಲಿ ಹರಾಜು ಪಟ್ಟಿಗಳು ಕೆಲಸ ಮುಗಿಸುತ್ತಿದ್ದವು. ಹೆಚ್ಚಿನವರು ವರ್ಷಕ್ಕೊಂದು ನಾಣ್ಯ ಸಿಕ್ಕರೆ ತೃಪ್ತರು. ಟಂಕಸಾಲೆಯ ಗುರುತು ನೋಡಿ ಸಂಗ್ರಹಿಸುವ ಚಟ ಹತ್ತಿದ್ದು 1893ರಲ್ಲಿ ಅಗಸ್ಟಸ್ ಹೀಟನ್ ಎಂಬ ಚಿತ್ರಕಾರ ಶಾಖಾ ಟಂಕಸಾಲೆಗಳ ಬಗ್ಗೆ ಪುಸ್ತಕ ಬರೆದ ಮೇಲೆ. ಎರಡು ವರ್ಷ ಮೊದಲು, 1891ರಲ್ಲಿ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತ್ತು. ಆದರೆ ದರ್ಜೆಯ ವಿಷಯದಲ್ಲಿ ಆಗ ಪ್ರತಿ ವ್ಯಾಪಾರಿಯದೂ ಒಂದೊಂದು ನಿಘಂಟು. ಕೊಳ್ಳುವಾಗ ‘ಚೆನ್ನಾಗಿದೆ’ ಎನ್ನಿಸಿಕೊಂಡ ನಾಣ್ಯ ಮಾರುವಾಗ ‘ಉತ್ತಮ’ವಾಗುವುದು ಯಾವ ದೇಶದ ಪೇಟೆಗೂ ಹೊಸದಲ್ಲ.

ಅಂಕಿಯನ್ನು ತಂದವನು ವಿಲಿಯಂ ಎಚ್. ಶೆಲ್ಡನ್. ಮನುಷ್ಯರ ಮೈಕಟ್ಟಿನಿಂದ ಸ್ವಭಾವ ಹೇಳಹೊರಟ ಈ ಮನಶ್ಶಾಸ್ತ್ರಜ್ಞ, ಹಳೆಯ ತಾಮ್ರದ ದೊಡ್ಡ ಸೆಂಟ್‌ಗಳ ಸಂಗ್ರಾಹಕನೂ ಆಗಿದ್ದ. 1949ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆತ 1ರಿಂದ 70ರ ಮಾಪಕ ಕೊಟ್ಟ. ಯಾವ ನಾಣ್ಯ ಎಂದು ಗುರುತಿಸಲು ಸಾಧ್ಯವಾಗುವಷ್ಟೇ ಉಳಿದಿದ್ದರೆ 1, ಕುಂದಿಲ್ಲದ್ದು 70. ಪ್ರತಿ ಬಗೆಗೆ ಒಂದು ಮೂಲಬೆಲೆ, ಅದನ್ನು ದರ್ಜೆಯ ಅಂಕಿಯಿಂದ ಗುಣಿಸಿದರೆ ಪೇಟೆಯ ಬೆಲೆ. ಕುಂದಿಲ್ಲದ ಸೆಂಟ್ ಅತಿ ಸವೆದದ್ದರ ಎಪ್ಪತ್ತು ಪಟ್ಟು ಬೆಲೆಬಾಳುತ್ತಿದ್ದುದರಿಂದ ಮೇಲ್ಮಿತಿ ನೂರಾಗದೆ ಎಪ್ಪತ್ತಾಯಿತು. ಕೆಲವೇ ವರ್ಷಗಳಲ್ಲಿ ಬೆಲೆಗಳು ಈ ಗುಣಾಕಾರವನ್ನು ಮೀರಿ ಓಡಿದವು, ಸೂತ್ರ ಸತ್ತಿತು. ಅಂಕಿಗಳು ಮಾತ್ರ ಉಳಿದು, ತಾಮ್ರಕ್ಕೆಂದು ಹುಟ್ಟಿದ ಮಾಪಕ ಬೆಳ್ಳಿ, ಚಿನ್ನಗಳಿಗೂ ಹಬ್ಬಿತು. 1977ರಲ್ಲಿ ತೀರಿಕೊಂಡ ಶೆಲ್ಡನ್, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಒಳ್ಳೆಯ ಸೆಂಟ್‌ಗಳನ್ನು ಎತ್ತಿ ತನ್ನ ಕೆಳದರ್ಜೆಯವನ್ನು ಅಲ್ಲಿಟ್ಟಿದ್ದನೆಂಬುದು ಆಮೇಲೆ ಬಯಲಾಯಿತು. ದರ್ಜೆಯ ವ್ಯತ್ಯಾಸ ಅವನಷ್ಟು ಬಲ್ಲವರು ಕಡಿಮೆಯೇ.

ಸವೆತವನ್ನು ಕಲಿಸುವ ಪುಸ್ತಕಗಳೂ ಇದೇ ಸುಮಾರಿಗೆ ಬಂದವು. 1958ರಲ್ಲಿ ಬ್ರೌನ್ ಮತ್ತು ಡನ್, 1970ರಲ್ಲಿ ಛಾಯಾಚಿತ್ರಗಳ ಸಮೇತ ಜೇಮ್ಸ್ ರಡ್ಡಿ ಪ್ರತಿ ಮೆಟ್ಟಿಲನ್ನೂ ವಿವರಿಸಿದರು. ಮಾರ್ಗನ್ ಡಾಲರಿನಲ್ಲಿ ಮೊದಲು ಸವೆಯುವುದು ದೇವಿಯ ಕಣ್ಣು ಮತ್ತು ಕಿವಿಯ ಮೇಲಿನ ಕೂದಲು, ಕೆನ್ನೆಯ ಉಬ್ಬು. ಹಿಂಬದಿಯಲ್ಲಿ ಹದ್ದಿನ ಎದೆಯ ಗರಿ, ರೆಕ್ಕೆಯ ತುದಿ. ಇದನ್ನು ಬಲ್ಲವರಿಗೆ ಸವೆದ ಡಾಲರಿನ ದರ್ಜೆ ಹೇಳುವುದು ಅಷ್ಟೇನೂ ಕಷ್ಟವಲ್ಲ, ಇಬ್ಬರು ನುರಿತವರು ಹೇಳುವ ಅಂಕಿಗಳಲ್ಲಿ ದೊಡ್ಡ ಅಂತರವೂ ಬರುವುದಿಲ್ಲ.

ಕಷ್ಟ ತಂದದ್ದು ಖಜಾನೆಯ ಬಾಗಿಲು. 1962ರ ಕೊನೆಯಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯ ಮುದ್ರೆಯೊತ್ತಿದ್ದ ಒಂದು ನೆಲಮಾಳಿಗೆಯನ್ನು ತೆರೆದಾಗ ನ್ಯೂ ಆರ್ಲಿಯನ್ಸಿನ 1903ರ ಡಾಲರುಗಳು ಚೀಲಗಟ್ಟಲೆ ಹೊರಬಂದವು. ಅಲ್ಲಿಯವರೆಗೆ ಇಡೀ ಮಾರ್ಗನ್ ಸರಣಿಯಲ್ಲೇ ಅತಿ ದುರ್ಲಭಗಳ ಸಾಲಿನಲ್ಲಿ ಎಣಿಸುತ್ತಿದ್ದ ನಾಣ್ಯ ಅದು. ಬೆಲೆ ಒಮ್ಮೆಲೇ ನೆಲಕಚ್ಚಿತು. ಸುದ್ದಿ ಹಬ್ಬುತ್ತಿದ್ದಂತೆ ಜನ ಬೆಳ್ಳಿ ಪತ್ರ ಹಿಡಿದು ಸಾಲುಗಟ್ಟಿದರು. 1964ರ ಮಾರ್ಚ್‌ನಲ್ಲಿ ಸರ್ಕಾರ ಡಾಲರ್ ಕೊಡುವುದನ್ನು ನಿಲ್ಲಿಸಿದಾಗ ಉಳಿದದ್ದು ಸುಮಾರು 30 ಲಕ್ಷ, ಅದರಲ್ಲಿ ಹೆಚ್ಚಿನವು ಕಾರ್ಸನ್ ಸಿಟಿಯವು. ಇವನ್ನು 1972ರಿಂದ 1980ರ ನಡುವೆ ಸರ್ಕಾರವೇ ಅಂಚೆ ಮೂಲಕ ಮಾರಿತು. ಈ ನಡುವೆ 1974ರಲ್ಲಿ ತೀರಿಕೊಂಡ ರೀನೊ ಪಟ್ಟಣದ ಲವೀರ್ ರೆಡ್‌ಫೀಲ್ಡ್ ಎಂಬ ಧನಿಕನ ಮನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರುಗಳು ಸಿಕ್ಕವು. 1976ರ ಹರಾಜಿನಲ್ಲಿ ಅವು ಒಟ್ಟಾಗಿ 73 ಲಕ್ಷ ಡಾಲರಿಗೆ ಹೋದವು.

ಈಗ ಪೇಟೆಯಲ್ಲಿ ಸವೆಯದ ನಾಣ್ಯಗಳ ರಾಶಿ. ಎಲ್ಲಕ್ಕೂ ‘ಚಲಾವಣೆಯಾಗಿಲ್ಲ’ ಎಂಬ ಒಂದೇ ಹೆಸರು ಸಾಲದಾಯಿತು. ಸವೆತ ಎಂಬ ಅಳತೆಗೋಲು ಕೈಕೊಟ್ಟಾಗ ಕಣ್ಣು ಬೇರೆ ಸಂಗತಿಗಳ ಕಡೆ ತಿರುಗಲೇಬೇಕು. ಮೊದಲನೆಯದು ಗೀರು ಬಿದ್ದ ಜಾಗ. ಹದ್ದಿನ ಗರಿಗಳ ನಡುವೆ ಅಡಗಿದ ಹತ್ತು ಗುರುತಿಗಿಂತ ದೇವಿಯ ನುಣುಪು ಕೆನ್ನೆಯ ಮೇಲಿನ ಒಂದು ತಚ್ಚು ನಾಣ್ಯವನ್ನು ಹೆಚ್ಚು ಕೆಳಗಿಳಿಸುತ್ತದೆ. ಎರಡನೆಯದು ಹೊಳಪು. ಹೊಸ ನಾಣ್ಯವನ್ನು ಒಂದೇ ದೀಪದ ಕೆಳಗೆ ಮೆಲ್ಲಗೆ ಓರೆಮಾಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಚಕ್ರದ ಅರಗಳ ಹಾಗೆ ಸುತ್ತುತ್ತವೆ; ಅಚ್ಚಿನ ಒತ್ತಡದಲ್ಲಿ ಲೋಹ ಅಂಚಿನತ್ತ ಹರಿದಾಗ ಉಳಿದ ಸೂಕ್ಷ್ಮ ಗೆರೆಗಳು ಇದಕ್ಕೆ ಕಾರಣ. ಉಜ್ಜಿದರೆ ಆ ಗೆರೆಗಳು ಹೋಗುತ್ತವೆ, ಮತ್ತೆ ಬರುವುದಿಲ್ಲ. ಕೆಲವು ನಾಣ್ಯಗಳ ಬಯಲು ಕನ್ನಡಿಯಂತಿರುತ್ತದೆ. ಅಕ್ಷರವನ್ನು ಎಷ್ಟು ದೂರದಿಂದ ಅದರಲ್ಲಿ ಸ್ಪಷ್ಟವಾಗಿ ಕಾಣಬಹುದು ಎಂಬುದರ ಮೇಲೆ ‘ಪ್ರೂಫ್‌ಲೈಕ್’, ‘ಡೀಪ್ ಮಿರರ್’ ಎಂದು ಹೆಸರಿಸುತ್ತಾರೆ. ಚೆಲುವೇನೋ ಹೌದು, ಆದರೆ ಕನ್ನಡಿಯ ಮೇಲೆ ಪ್ರತಿ ಗೀರೂ ಎರಡಾಗಿ ಕಾಣುವುದರಿಂದ ಇಂಥವು ಮೇಲಿನ ಅಂಕಿ ಮುಟ್ಟುವುದು ವಿರಳ.

ಹೊಸಬರು ತಪ್ಪುವುದು ಅಚ್ಚಿನ ವಿಷಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ನಾಣ್ಯಗಳು, ಮುಖ್ಯವಾಗಿ 1880ರ ಆಸುಪಾಸಿನವು, ಕೂದಲೆಳೆ ಎಣಿಸುವಷ್ಟು ಸ್ಫುಟ. ನ್ಯೂ ಆರ್ಲಿಯನ್ಸಿನ ಹಲವು ವರ್ಷಗಳವು ಹಾಗಲ್ಲ. ಅಚ್ಚು ಪೂರ್ತಿ ಕೂರದೆ ಕಿವಿಯ ಮೇಲಿನ ಕೂದಲೂ ಹದ್ದಿನ ಎದೆಯೂ ಚಪ್ಪಟೆಯಾಗಿರುತ್ತವೆ. ಇದು ಸವೆತವಲ್ಲ. ಅಂಥ ಜಾಗದಲ್ಲಿ ಅಚ್ಚು ತಾಗದ ಬಿಲ್ಲೆಯ ಮೂಲ ಒರಟುತನ ಭೂತಗನ್ನಡಿಯಲ್ಲಿ ಕಾಣುತ್ತದೆ, ಹೊಳಪೂ ಮುರಿಯದೆ ಸಾಗುತ್ತದೆ. ಸವೆದ ಜಾಗವಾದರೆ ಬಣ್ಣವೇ ಮಂಕು ಬೂದಿ. 1921ರ ಮಾರ್ಗನ್ ಇನ್ನೊಂದು ಬಗೆ: ಹಳೆಯ ಮೂಲ ಅಚ್ಚುಗಳನ್ನು 1910ರಲ್ಲಿ ನಾಶಮಾಡಿದ್ದರಿಂದ ಹೊಸದಾಗಿ ಮಾಡಬೇಕಾಗಿ ಉಬ್ಬು ತಗ್ಗಿತು. ಅದೇ ವರ್ಷದ ಕೊನೆಯಲ್ಲಿ ಬಂದ ಪೀಸ್ ಡಾಲರಿನದು ತದ್ವಿರುದ್ಧ; ಉಬ್ಬು ಅತಿಯಾಗಿ ನಡುವಿನ ಕೂದಲು ಮೂಡಲೇ ಇಲ್ಲ, ಮರುವರ್ಷ ಅದನ್ನು ತಗ್ಗಿಸಿದರು. ಒಂದು ವರ್ಷದ ನಾಣ್ಯಕ್ಕೆ ಹಾಕುವ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ತನ್ನ ಅಧಿಕೃತ ಮಾನದಂಡ ಹೊರತಂದದ್ದು 1970ರ ದಶಕದ ಕೊನೆಗೆ. ಶೆಲ್ಡನ್ನನ ಅಂಕಿಗಳನ್ನೇ ಇಟ್ಟುಕೊಂಡು, ಸವೆಯದ ನಾಣ್ಯಗಳಿಗೆ ಮೊದಲು 60, 65, 70 ಎಂಬ ಮೂರು ಮೆಟ್ಟಿಲು ಕೊಟ್ಟಿತು. ಪೇಟೆಗೆ ಅಷ್ಟು ಸಾಲಲಿಲ್ಲ. 63 ಬಂತು, 67 ಬಂತು, ಕೊನೆಗೆ ಹನ್ನೊಂದೂ ಅಂಕಿಗಳು ಬಳಕೆಗೆ ಇಳಿದವು. ಅಸೋಸಿಯೇಷನ್ನಿನದೇ ಆದ, 1972ರಲ್ಲಿ ಖೋಟಾ ನಾಣ್ಯ ಪತ್ತೆಗೆಂದು ತೆರೆದಿದ್ದ ಆನಾಕ್ಸ್ ಸಂಸ್ಥೆ 1979ರಿಂದ ದರ್ಜೆಯನ್ನೂ ಹೇಳತೊಡಗಿತು. ಮುಂಬದಿಗೊಂದು, ಹಿಂಬದಿಗೊಂದು ಅಂಕಿ ಬರೆದು ಛಾಯಾಚಿತ್ರ ಸಹಿತ ಪತ್ರ ಕೊಡುತ್ತಿತ್ತು. ಪತ್ರ ಒಂದು ಕಡೆ, ನಾಣ್ಯ ಒಂದು ಕಡೆ. ಹೀಗಾಗಿ ತಕರಾರು ತಪ್ಪಲಿಲ್ಲ.

ನಾಣ್ಯವನ್ನು ಅಂಕಿಯ ಸಮೇತ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಬೆಸೆದುಬಿಡುವ ಉಪಾಯ ಹಬ್ಬಿದ್ದು 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಸಂಸ್ಥೆಯಿಂದ. ಡೇವಿಡ್ ಹಾಲ್ ಮತ್ತು ಜೊತೆಗಾರ ವ್ಯಾಪಾರಿಗಳು ಕಟ್ಟಿದ್ದು ಇದು. ಒಂದೊಂದು ನಾಣ್ಯವನ್ನು ಹಲವು ಪರೀಕ್ಷಕರು ಬೇರೆಬೇರೆಯಾಗಿ ನೋಡಿ ಅಭಿಪ್ರಾಯ ಕೊಡುತ್ತಿದ್ದರು. ಮರುವರ್ಷ ಎನ್‌ಜಿಸಿ ಬಂತು. ‘ಸ್ಲ್ಯಾಬ್’ ಎಂದು ಕರೆಯುವ ಈ ಡಬ್ಬಿಗಳಿಂದ ನಾಣ್ಯ ಕಣ್ಣಿಗೆ ಬೀಳದೆಯೇ ಕೈಬದಲಾಗತೊಡಗಿತು. ಷೇರು ಪೇಟೆಯ ಹಣ ಒಳನುಗ್ಗಿ 1989ರ ಸುಮಾರಿಗೆ ಬೆಲೆ ಶಿಖರಕ್ಕೇರಿ, ಆಮೇಲೆ ಜಾರಿತು. 64 ಮತ್ತು 65ರ ನಡುವೆ ಬರಿಗಣ್ಣಿಗೆ ಸುಲಭವಾಗಿ ಕಾಣದ ಅಂತರ ಕೆಲವು ವರ್ಷಗಳ ನಾಣ್ಯದಲ್ಲಿ ಹಲವು ಪಟ್ಟು ಬೆಲೆಯ ಅಂತರವಾದಾಗ, ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸುವುದೇ ಒಂದು ಕಸುಬಾಯಿತು. ಮೊದಲ ಸಲ 64 ಬಂದದ್ದು ಮೂರನೆಯ ಸಲ 65 ಆಗಬಹುದು. ನಾಣ್ಯ ಬದಲಾಗಿಲ್ಲ, ನೋಡಿದ ಕಣ್ಣು ಬದಲಾಗಿದೆ. ಕಣ್ಣಿನ ಚಂಚಲತೆಗೆ ಮದ್ದೆಂದು ಪಿಸಿಜಿಎಸ್ 1990ರಲ್ಲಿ ಮಾರ್ಗನ್ ಡಾಲರಿಗೆಂದೇ ಒಂದು ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತ್ತು. ಅದು ನೆಲೆನಿಲ್ಲಲಿಲ್ಲ. ಗೀರನ್ನು ಯಂತ್ರ ಎಣಿಸಬಹುದು, ಒಟ್ಟು ಅಂದವನ್ನು ತೂಗುವುದು ಆಗಿನ ಯಂತ್ರಕ್ಕೆ ಮೀರಿದ ಮಾತಾಗಿತ್ತು. ಎನ್‌ಜಿಸಿ ಕಟ್ಟಿದ್ದ ಜಾನ್ ಆಲ್ಬನೀಸ್ 2007ರಲ್ಲಿ ಸಿಎಸಿ ತೆರೆದರು. ಅದು ಡಬ್ಬಿಯೊಳಗಿನ ನಾಣ್ಯವನ್ನು ಮತ್ತೊಮ್ಮೆ ನೋಡಿ, ಹೇಳಿದ ದರ್ಜೆಗೆ ತಕ್ಕಷ್ಟು ಗಟ್ಟಿಯಾಗಿದ್ದರೆ ಹಸಿರು ಚೀಟಿ ಅಂಟಿಸುತ್ತದೆ. ತೀರ್ಪುಗಾರರ ಮೇಲೊಬ್ಬ ತೀರ್ಪುಗಾರ ಬೇಕಾದದ್ದು ಅಂಕಿಯ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುತ್ತದೆ.

ತೊಳೆದ ನಾಣ್ಯಕ್ಕೆ ಅಂಕಿಯೇ ಇಲ್ಲ. ಹಬ್ಬದ ಹಿಂದಿನ ದಿನ ಬೆಳ್ಳಿಯನ್ನು ಹುಣಸೆಹಣ್ಣು, ವಿಭೂತಿ ಹಚ್ಚಿ ಬೆಳಗುವ ಮನೆಗಳಲ್ಲಿ ಬೆಳೆದವರಿಗೆ ಇದು ಅರಗದ ಮಾತು. ಆದರೆ ಉಜ್ಜಿದ ಡಾಲರಿನ ಮೇಲೆ ಒಂದೇ ದಿಕ್ಕಿನ ಸಣ್ಣ ಗೆರೆಗಳು ನಿಲ್ಲುತ್ತವೆ, ಅಂಥದ್ದನ್ನು ಸಂಸ್ಥೆಗಳು ಅಂಕಿ ಕೊಡದೆ ‘ಡೀಟೇಲ್ಸ್’ ಎಂದಷ್ಟೇ ಬರೆದು ಹಿಂದಿರುಗಿಸುತ್ತವೆ. ಥಯೋಯೂರಿಯಾ ಬೆರೆತ ದ್ರಾವಣದಲ್ಲಿ ಕ್ಷಣಕಾಲ ಅದ್ದಿ ತೆಗೆದದ್ದು ಮಾತ್ರ ಎಷ್ಟೋ ಸಲ ಪಾರಾಗುತ್ತದೆ. ಹೆಚ್ಚು ಹೊತ್ತು ಅಥವಾ ಪದೇಪದೇ ಅದ್ದಿದರೆ ಹೊಳಪು ಸತ್ತು ನಾಣ್ಯ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಗಂಧಕದ ಸೋಂಕಿನಿಂದ ಬೆಳ್ಳಿಯ ಮೇಲೆ ಏಳುವ ಹೊಂಬಣ್ಣ, ನೀಲಿ, ನೇರಳೆಗಳಿಗೆ ಒಂದು ಕಾಲದಲ್ಲಿ ಕೊಳೆ ಎಂಬ ಹೆಸರಿತ್ತು. ಈಗ ಚೀಲದ ಬಟ್ಟೆಗೆ ತಾಗಿ ದಶಕಗಟ್ಟಲೆ ಮಲಗಿದ್ದ ನಾಣ್ಯದ ಕಾಮನಬಿಲ್ಲಿಗೆ ಪೈಪೋಟಿಯಿದೆ, ಅದರ ಬೆನ್ನಿಗೇ ರಾಸಾಯನಿಕದಿಂದ ಬಣ್ಣ ಹತ್ತಿಸುವ ಖೋಟಾ ಕಸುಬೂ ಇದೆ. ಸಹಜ ಬಣ್ಣ ಒಂದರಿಂದ ಒಂದಕ್ಕೆ ಮೆಲ್ಲನೆ ಹೊರಳುತ್ತದೆ. ಹಚ್ಚಿದ್ದು ಗೀರುಗಳ ಒಳಗೂ ಇಳಿದು ಗುಟ್ಟು ಬಿಡುತ್ತದೆ.

ದರ್ಜೆಯ ಗೆರೆ ಅತಿ ತುಟ್ಟಿಯಾಗಿರುವ ಉದಾಹರಣೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 1884ರ ಡಾಲರ್ ಒಂದು. ಸವೆದ ಸ್ಥಿತಿಯಲ್ಲಿ ಇದು ಎಲ್ಲೆಂದರಲ್ಲಿ ಸಿಗುತ್ತದೆ, ಬೆಲೆಯೂ ಸಾಮಾನ್ಯ. ಆ ವರ್ಷದವು ಚೀಲದಲ್ಲಿ ಉಳಿಯದೆ ಚಲಾವಣೆಗೆ ಹೋಗಿದ್ದರಿಂದ ಸವೆಯದವು ಬಹಳ ವಿರಳ. 58 ಎಂದರೆ ಕೂದಲಿನ ತುದಿ ಒಂದಿಷ್ಟೇ ಉಜ್ಜಿದ್ದು, 60 ಎಂದರೆ ಉಜ್ಜದ್ದು. ಹೆಚ್ಚಿನ ವರ್ಷಗಳ ನಾಣ್ಯಗಳಲ್ಲಿ ಅಷ್ಟಾಗಿ ಲಕ್ಷಿಸದ ಈ ಎರಡು ಅಂಕಿಗಳ ಅಂತರದಲ್ಲಿ ಇಲ್ಲಿ ಸಾವಿರಾರು ಡಾಲರುಗಳಿವೆ. ಆದ್ದರಿಂದ ಈ ನಾಣ್ಯ ಕೈಗೆ ಬಂದಾಗ ಪರೀಕ್ಷಕರು ಕಿವಿಯ ಮೇಲಿನ ಕೂದಲನ್ನು ದೀಪದ ಕೆಳಗೆ ತಿರುಗಿಸಿ ನೋಡಿದ ಮೇಲೂ ಇನ್ನೊಮ್ಮೆ ತಿರುಗಿಸಿ ನೋಡುತ್ತಾರೆ.